ಆಫೀಸ್ 2019 ಸಪೋರ್ಟ್ ಮುಗೀತು, ಮುಂದೇನು? ಲಿಬ್ರೆಆಫೀಸ್ ಸಾಕಾಗತ್ತಾ?

ಹಳೇ_ಕೀಬೋರ್ಡ್:
2025ರ ಅಕ್ಟೋಬರ್ 14ಕ್ಕೆ ಆಫೀಸ್ 2016, 2019 ಎರಡಕ್ಕೂ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿಬಿಡ್ತು. ನನ್ ಹತ್ರ ಇರೋದು 2019. ಓಡೋಕೇನೋ ಓಡ್ತಿದೆ, ಆದ್ರೆ ಸೆಕ್ಯೂರಿಟಿ ಅಪ್‌ಡೇಟ್ ಇಲ್ದೆ ಹೊರಗಿಂದ ಬಂದ ಫೈಲ್ ತೆಗಿಯೋಕೆ ಅಳುಕು. ಈಗ ಇರೋ ದಾರಿ ಅಂದ್ರೆ ವರ್ಷಾವರ್ಷ ದುಡ್ಡು ಕಟ್ಟೋ ಮೈಕ್ರೋಸಾಫ್ಟ್ 365, ಒಂದೇ ಸಲ ಕೊಳ್ಳೋ ಆಫೀಸ್ 2024, ಇಲ್ಲಾಂದ್ರೆ ಫ್ರೀ ಲಿಬ್ರೆಆಫೀಸ್. ನನ್ನ ಕೆಲಸ ಲೆಟರ್, ಬಿಲ್, ಒಂದಷ್ಟು ಎಕ್ಸೆಲ್ ಶೀಟು, ಅದ್ರಲ್ಲಿ ಎರಡಕ್ಕೆ ಮ್ಯಾಕ್ರೋ (ಕೆಲಸ ತಾನಾಗೇ ಮಾಡೋ ಸಣ್ಣ ಪ್ರೋಗ್ರಾಂ) ಇದೆ. ಬಳಸಿರೋರು ಹೇಳಿ ಪ್ಲೀಸ್, ಜಗಳ ಬೇಡ.

ಫಾರ್ಮುಲಾ_ಫಣಿ:
ಮ್ಯಾಕ್ರೋ ಇದೆ ಅಂದ್ಮೇಲೆ ಯೋಚ್ನೆ ಯಾಕೆ ಸರ್, ಎಕ್ಸೆಲ್‌ನಲ್ಲೇ ಇರಿ. ಮ್ಯಾಕ್ರೋ ಬರೆಯೋ ಭಾಷೆ ವಿಬಿಎ, ದೊಡ್ಡ ಡೇಟಾ ಸೇರಿಸಿ ಲೆಕ್ಕ ಹಾಕೋ ಪವರ್ ಕ್ವೆರಿ, ಪವರ್ ಪಿವಟ್, ಇವುಗಳ ಹತ್ರಕ್ಕೂ ಲಿಬ್ರೆಆಫೀಸ್ ಬರಲ್ಲ. ಪಟ್ಟಿಯಲ್ಲಿ ಹುಡುಕೋ ಫಂಕ್ಷನ್ ಎಕ್ಸ್‌ಲುಕಪ್ ಅವ್ರಿಗೆ ಸಿಕ್ಕಿದ್ದೇ 2024ರ ಆಗಸ್ಟ್‌ನಲ್ಲಿ, 24.8 ವರ್ಷನ್‌ಗೆ, ಅಷ್ಟೊತ್ತಿಗೆ ನಮಗೆ ಅದರ ಹಳೇ ರೂಪ ವಿಲುಕಪ್ ಮರೆತೇ ಹೋಗಿತ್ತು. ಅದೆಲ್ಲ ಬಿಡಿ, ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ಕ್ಯಾಲ್ಕ್‌ಗೆ ತಾರೀಖೇ ನೆಟ್ಟಗೆ ಗೊತ್ತಿಲ್ಲ. ತಾರೀಖು ಅಂದ್ರೆ ಒಳಗೆ ದಿನ ಎಣಿಸೋ ನಂಬರ್ ಅಷ್ಟೇ, ಸೆಲ್‌ನಲ್ಲಿ 1 ಅಂತ ಹೊಡೆದು ಡೇಟ್ ಫಾರ್ಮ್ಯಾಟ್ ಕೊಟ್ಟು ನೋಡಿ. ಎಕ್ಸೆಲ್ 1900 ಜನವರಿ 1 ಅನ್ನತ್ತೆ, ಕ್ಯಾಲ್ಕ್ 1899 ಡಿಸೆಂಬರ್ 31 ಅನ್ನತ್ತೆ. ಒಂದನೇ ದಿನಾನೇ ತಪ್ಪು ಹೇಳೋದರ ಕೈಗೆ ಬಿಲ್ ಲೆಕ್ಕ ಕೊಡ್ತೀರಾ?

ಪೆಂಗ್ವಿನ್_ಪುಟ್ಟ:
"ತಾರೀಖೇ ನೆಟ್ಟಗೆ ಗೊತ್ತಿಲ್ಲ" ಹ್ಹಹ್ಹಹ್ಹ. ಗುರು, ಅದೇ ಸೆಲ್‌ನಲ್ಲಿ 1 ಅಳಿಸಿ 60 ಹಾಕು. ನಿನ್ನ ಎಕ್ಸೆಲ್ 1900 ಫೆಬ್ರವರಿ 29 ಅಂತ ತೋರಿಸತ್ತೆ. ಅಂಥಾ ದಿನ ಭೂಮಿ ಮೇಲೆ ಬಂದೇ ಇಲ್ಲ!! ನೂರರಿಂದ ಭಾಗ ಆಗೋ ವರ್ಷ 400ರಿಂದಲೂ ಭಾಗ ಆದ್ರೆ ಮಾತ್ರ ಅಧಿಕ ವರ್ಷ, 2000 ಹೌದು, 1900 ಅಲ್ಲ, ಇದು ಸ್ಕೂಲ್ ಹುಡುಗ್ರಿಗೂ ಗೊತ್ತು. ಕ್ಯಾಲ್ಕ್‌ನಲ್ಲಿ 60 ಅಂದ್ರೆ ಫೆಬ್ರವರಿ 28, 61 ಅಂದ್ರೆ ಮಾರ್ಚ್ 1. ಎಕ್ಸೆಲ್‌ನಲ್ಲೂ 61 ಮಾರ್ಚ್ 1ನೇ. ಅಂದ್ರೆ ಅಲ್ಲಿಂದ ಇವತ್ತಿನ ತನಕ ಎರಡೂ ಒಂದೇ ನಂಬರ್, ವ್ಯತ್ಯಾಸ ಇರೋದು 1900ರ ಮೊದಲ ಎರಡು ತಿಂಗಳಲ್ಲಿ ಮಾತ್ರ, ಅದೂ ಎಕ್ಸೆಲ್ ಇಲ್ಲದ ದಿನ ಹುಟ್ಟಿಸಿರೋದ್ರಿಂದ.

ಮೆನು_ಮೋಹನ:
ನನ್ ಪ್ರಕಾರ 2007ರಲ್ಲಿ ಮೆನು ತೆಗೆದು ಟ್ಯಾಬ್ ಬಟನ್‌ಗಳ ರಿಬ್ಬನ್ ತಂದಾಗ್ಲೇ ಆಫೀಸ್ ಕೆಟ್ಟೋಯ್ತು. ಲಿಬ್ರೆಆಫೀಸ್‌ನಲ್ಲಿ ಇನ್ನೂ ಹಳೇ ಮೆನು ಇದೆ, ನನಗಷ್ಟು ಸಾಕು. ತಾರೀಖು ಗೀರೀಖು ನಂಗೊತ್ತಿಲ್ಲ.

ಪೆಂಗ್ವಿನ್_ಪುಟ್ಟ:
@ಮೆನು_ಮೋಹನ ರಿಬ್ಬನ್ ಥರದ್ದೂ ಇದೆ ಅಣ್ಣ, ವ್ಯೂ > ಯೂಸರ್ ಇಂಟರ್‌ಫೇಸ್ > ಟ್ಯಾಬ್ಡ್, 2019ರಲ್ಲಿ ಬಂದ 6.2ರಿಂದ.

ಮೆನು_ಮೋಹನ:
ಬೇಡ ಅಂತಾನೇ ಅಲ್ವೇನಪ್ಪ ನಾನು ಹೇಳಿದ್ದು.

ಫಾರ್ಮುಲಾ_ಫಣಿ:
"ಇಲ್ಲದ ದಿನ ಹುಟ್ಟಿಸಿರೋದು" ಎಕ್ಸೆಲ್ ಅಲ್ಲ, ಲೋಟಸ್ 1-2-3. 1983ರಲ್ಲಿ ಬಂದಿದ್ದು, ಆ ಕಾಲಕ್ಕೆ ಸ್ಪ್ರೆಡ್‌ಶೀಟ್ ಅಂದ್ರೆ ಅದೇ. ಅದರಲ್ಲಿ 1900 ಅಧಿಕ ವರ್ಷ ಅಂತಿತ್ತು, ಎಕ್ಸೆಲ್ ಬಂದಾಗ ಲೋಟಸ್ ಫೈಲ್‌ಗಳು ಅದೇ ನಂಬರ್‌ನಲ್ಲಿ ತೆರ್ಕೋಬೇಕು ಅಂತ ಬೇಕಂತಲೇ ಹಾಗೇ ಇಟ್ರು. ಈಗ ಸರಿ ಮಾಡಿದ್ರೆ ಜಗತ್ತಿನಲ್ಲಿರೋ ಎಲ್ಲಾ ಶೀಟಿನ ತಾರೀಖೂ ಒಂದೊಂದು ದಿನ ಜರುಗತ್ತೆ ಅಂತ ಮೈಕ್ರೋಸಾಫ್ಟೇ ತನ್ನ ಸಪೋರ್ಟ್ ಪೇಜ್‌ನಲ್ಲಿ ಬರೆದಿದೆ. ಇದಕ್ಕೆ ಹೊಂದಾಣಿಕೆ ಅಂತಾರೆ, ತಪ್ಪು ಅನ್ನಲ್ಲ.

ಪೆಂಗ್ವಿನ್_ಪುಟ್ಟ:
ಅದೇ ಸಪೋರ್ಟ್ ಪೇಜ್‌ನ ತಲೆಬರಹ ಓದಿದ್ಯಾ? ಎಕ್ಸೆಲ್ 1900ನ್ನ ತಪ್ಪಾಗಿ ಅಧಿಕ ವರ್ಷ ಅಂತ ತಿಳಿಯತ್ತೆ ಅಂತಾನೇ ಇರೋದು. ಅವ್ರೇ ತಪ್ಪು ಅಂತ ಬರೆದಿರೋದನ್ನ ನೀನು ಹೊಂದಾಣಿಕೆ ಅಂತೀಯ. ಇನ್ನೊಂದು ನೋಡು, 1900 ಜನವರಿ 1 ನಿಜವಾಗಿ ಸೋಮವಾರ. ಎಕ್ಸೆಲ್‌ಗೆ ವೀಕ್‌ಡೇ ಕೇಳು, ಭಾನುವಾರ ಅನ್ನತ್ತೆ. ಒಂದು ಸುಳ್ಳಿಗೆ ಎರಡು ತಿಂಗಳ ವಾರ ಪೂರ್ತಿ ಕೆಟ್ಟಿದೆ.

ದಾಖಲೆ_ದಾಕ್ಷಾಯಿಣಿ:
ಎರಡು ತಿಂಗಳ ವಾರ ಯಾವನಿಗೆ ಬೇಕು ಅನ್ನೋ ಮೊದ್ಲು ಒಂದು ಮಾತು. ಹಳೇ ಜನನ ಮರಣ ದಾಖಲೆ, ಪತ್ರಗಳು ಇವನ್ನೆಲ್ಲ ಶೀಟಿಗೆ ಹಾಕೋ ಕೆಲಸ ಇದ್ರೆ ಎಕ್ಸೆಲ್‌ನಲ್ಲಿ 1900ಕ್ಕಿಂತ ಹಿಂದಿನ ತಾರೀಖೇ ಇಲ್ಲ. 1872 ಮೇ 4 ಅಂತ ಹಾಕಿ, ಸೆಲ್‌ನ ಎಡಕ್ಕೆ ಅಂಟ್ಕೊಂಡು ಕೂರತ್ತೆ, ಅಂದ್ರೆ ಅದು ಬರೀ ಅಕ್ಷರ, ತಾರೀಖಲ್ಲ. ಸಾರ್ಟ್ ಮಾಡಿದ್ರೆ 1900ರ ನಂತರದ್ದೆಲ್ಲ ಮುಗಿದ ಮೇಲೆ ಕೊನೇಲಿ ಬರತ್ತೆ, ಕಳೆದ್ರೆ ವ್ಯಾಲ್ಯೂ ಎರರ್. ಕ್ಯಾಲ್ಕ್‌ನಲ್ಲಿ ಮೈನಸ್ ನಂಬರ್ ಆಗಿ ಹಿಂದಕ್ಕೆ ಹೋಗತ್ತೆ, ವಯಸ್ಸು ಲೆಕ್ಕ ಸಲೀಸು. ಹಾಂ, ಮತ್ತೆ ಪುಟ್ಟ ಅವ್ರೇ, 1900 ಫೆಬ್ರವರಿ 29 ಭೂಮಿ ಮೇಲೆ ಬಂದೇ ಇಲ್ಲ ಅನ್ನೋದು ಸರಿಯಲ್ಲ, ರಷ್ಯಾದಲ್ಲಿ 1918ರ ತನಕ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ವರ್ಷ ಬರೋ ಹಳೇ ಜೂಲಿಯನ್ ಕ್ಯಾಲೆಂಡರ್ ಇತ್ತು, ಅಲ್ಲಿ ಆ ದಿನ ಬಂದಿತ್ತು.

ಫಾರ್ಮುಲಾ_ಫಣಿ:
"ಅಲ್ಲಿ ಆ ದಿನ ಬಂದಿತ್ತು" 😂😂 ಥ್ಯಾಂಕ್ಸ್ ಮೇಡಂ. ಭೂಮಿ ಮೇಲೆ ಬಂದೇ ಇಲ್ಲ ಅಂತ ಎರಡು ಆಶ್ಚರ್ಯ ಚಿಹ್ನೆ ಹಾಕಿ ಹೇಳಿದ್ರಲ್ಲ ಪುಟ್ಟಣ್ಣ, ಈಗ ಏನಂತೀರ?

ಪೆಂಗ್ವಿನ್_ಪುಟ್ಟ:
ಎಕ್ಸೆಲ್ ರಷ್ಯಾದ ಝಾರ್ ಕಾಲದ ಕ್ಯಾಲೆಂಡರ್ ಬಳಸತ್ತೆ ಅಂತ ಒಪ್ಕೋತಿದ್ದೀಯಾ ಹಾಗಾದ್ರೆ? ಅದೇ ಜೂಲಿಯನ್ ಆದ್ರೆ ಜನವರಿ 1ನೇ ತಾರೀಖೇ ಬೇರೆ ದಿನ ಬರ್ಬೇಕು. ಸುಮ್ನೆ ಏನೋ ಸಿಕ್ತು ಅಂತ ಹಿಡ್ಕೋಬೇಡ. ಮೇಡಂ 1872ರ ಬಗ್ಗೆ ಹೇಳಿದ್ದಕ್ಕೆ ಉತ್ತರ ಕೊಡು.

ಫಾರ್ಮುಲಾ_ಫಣಿ:
ಕೊಡ್ತೀನಿ. ವಿಬಿಎಯಲ್ಲಿ ಕ್ರಿ.ಶ. 100ರಿಂದ 9999ರ ತನಕ ತಾರೀಖು ನಡಿಯತ್ತೆ. ನಾಲ್ಕು ಸಾಲಿನ ಫಂಕ್ಷನ್ ಬರ್ಕೊಂಡ್ರೆ 1872 ಏನು, 872 ಕೂಡ ಕಳೀಬಹುದು. ಗೊತ್ತಿಲ್ದೆ ಎಕ್ಸೆಲ್‌ಗೆ ಬರಲ್ಲ ಅನ್ಬೇಡಿ.

ದಾಖಲೆ_ದಾಕ್ಷಾಯಿಣಿ:
ತಾರೀಖು ಕಳಿಯೋಕೆ ಪ್ರೋಗ್ರಾಂ ಬರೀಬೇಕಾ ನಾನು?

ಪೆಂಗ್ವಿನ್_ಪುಟ್ಟ:
ವಿಬಿಎ ಹೆಸರು ನೀನೇ ತೆಗೆದ್ಯಲ್ಲ, ಒಳ್ಳೇದಾಯ್ತು. ಎಕ್ಸೆಲ್‌ನಲ್ಲೇ ವಿಬಿಎ ಎಡಿಟರ್ ತೆಗೆದು ಒಂದು ಸಾಲು ಬರೆದು ಆಗ್ಲೇ ಓಡಿಸೋ ಇಮಿಡಿಯೇಟ್ ವಿಂಡೋದಲ್ಲಿ 60ನ್ನ ತಾರೀಖಾಗಿ ಮಾಡು. ಏನ್ ಬರತ್ತೆ ಗೊತ್ತಾ? ಫೆಬ್ರವರಿ 28! ಯಾಕಂದ್ರೆ ವಿಬಿಎ ಸೊನ್ನೆಯಿಂದ ಎಣಿಸೋದು 1899 ಡಿಸೆಂಬರ್ 30ರಿಂದ, ಕ್ಯಾಲ್ಕ್ ಎಣಿಸೋದೂ ಅಲ್ಲಿಂದಲೇ. ಶೀಟ್ ಒಂದು ಹೇಳತ್ತೆ, ಅದರ ಹೊಟ್ಟೆ ಒಳಗಿರೋ ಮ್ಯಾಕ್ರೋ ಇನ್ನೊಂದು ಹೇಳತ್ತೆ. ಮೊದಲನೇ ಕಾಮೆಂಟ್‌ನಲ್ಲಿ ಕ್ಯಾಲ್ಕ್ ತಪ್ಪು ಅಂದ್ಯಲ್ಲ, ಆ ಲೆಕ್ಕದಲ್ಲಿ ವಿಬಿಎನೂ ತಪ್ಪು. ಯಾವುದರ ಕೈಗೆ ಬಿಲ್ ಕೊಡೋಣ?

ಫಾರ್ಮುಲಾ_ಫಣಿ:
"ಹೊಟ್ಟೆ ಒಳಗಿರೋ ಮ್ಯಾಕ್ರೋ" ಅಂತ ಒಪ್ಕೊಂಡ್ರಲ್ಲ, ಮ್ಯಾಕ್ರೋ ಇರೋದು ಎಕ್ಸೆಲ್‌ನಲ್ಲೇ. ಲಿಬ್ರೆಆಫೀಸ್‌ನ ಮ್ಯಾಕ್ರೋ ಭಾಷೆ ಬೇಸಿಕ್‌ನಲ್ಲಿ ಅರ್ಧ ವಿಬಿಎ ಓಡತ್ತೆ, ಇನ್ನರ್ಧಕ್ಕೆ ದೇವರೇ ಗತಿ. ಪ್ರಶ್ನೆ ಕೇಳಿದವರಿಗೆ ಬೇಕಿರೋದು ಅದು, 1900 ಅಲ್ಲ. ತಾರೀಖಿನ ವಿಷ್ಯ ತೆಗೆದಿದ್ದೇ ನೀವು.

ಪೆಂಗ್ವಿನ್_ಪುಟ್ಟ:
ನಾನಾ?? ಮೇಲೆ ಹೋಗಿ ಓದ್ಕೋ!! ಒಂದು ದಿನ ತಪ್ಪು ಅಂತ ಶುರು ಮಾಡಿದ್ದು ಯಾರು?

ಶಿಫ್ಟ್_ಇನ್‌ಚಾರ್ಜ್:
ನಡುವೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನಿಜವಾಗಿ ತಲೆನೋವು ಕೊಡೋ ತಾರೀಖು ಸಮಸ್ಯೆ ಅದಲ್ಲ. ರಾತ್ರಿ 10ಕ್ಕೆ ಬಂದು ಬೆಳಗ್ಗೆ 6ಕ್ಕೆ ಹೋದವನ ಗಂಟೆ ಲೆಕ್ಕ ಹಾಕೋಕೆ 6ರಿಂದ 10 ಕಳೆದ್ರೆ ಎಕ್ಸೆಲ್‌ನಲ್ಲಿ ಸೆಲ್ ತುಂಬಾ ######. ಕಾಲಮ್ ಎಷ್ಟು ಅಗಲ ಮಾಡಿದ್ರೂ ಹೋಗಲ್ಲ, ಹೊಸಬರು ಪಾಪ ಎಳೀತಾನೇ ಇರ್ತಾರೆ. 1900 ಪದ್ಧತಿಯಲ್ಲಿ ಮೈನಸ್ ಟೈಮ್ ತೋರಿಸೋಕೆ ಬರಲ್ಲ ಅದಕ್ಕೆ. 1904ರಿಂದ ದಿನ ಎಣಿಸೋ 1904 ಡೇಟ್ ಸಿಸ್ಟಮ್ ಆನ್ ಮಾಡಿದ್ರೆ ಮೈನಸ್ ಬರತ್ತೆ.

ಫಾರ್ಮುಲಾ_ಫಣಿ:
1904 ಎಲ್ಲಾ ಬೇಡ, ಮುಗಿಸಿದ ಟೈಮಿಂದ ಶುರು ಟೈಮ್ ಕಳೆದು ಪೂರ್ತಿ ಶೇಷ ಕೊಡೋ ಮಾಡ್ (MOD) ಫಂಕ್ಷನ್ ಒಳಗೆ ಹಾಕಿ, ಭಾಜಕ 1 ಕೊಡಿ. 8 ಗಂಟೆ ಅಂತ ನೀಟಾಗಿ ಬರತ್ತೆ. ಗೊತ್ತಿದ್ರೆ ಒಂದು ಸಾಲಿನ ಕೆಲಸ.

ಪೆಂಗ್ವಿನ್_ಪುಟ್ಟ:
1904 ಆನ್ ಮಾಡ್ಬೇಡಿ ಅಂತ ನಾನೂ ಹೇಳ್ತೀನಿ, ಆದ್ರೆ ಕಾರಣ ಬೇರೆ. ಆ ಫೈಲಿಂದ 1900 ಪದ್ಧತಿಯ ಫೈಲಿಗೆ ತಾರೀಖು ಕಾಪಿ ಪೇಸ್ಟ್ ಮಾಡಿದ್ರೆ 1,462 ದಿನ ಜಿಗಿಯತ್ತೆ, ನಾಲ್ಕು ವರ್ಷ ಒಂದು ದಿನ. ಹಳೇ ಮ್ಯಾಕ್ ಎಕ್ಸೆಲ್ ಡೀಫಾಲ್ಟೇ 1904 ಇತ್ತು, ಇದೇ 1900ರ ರಗಳೆ ತಪ್ಪಿಸ್ಕೊಳ್ಳೋಕೆ ಅಂತ. ಅಂದ್ರೆ ಒಂದೇ ಕಂಪನಿಯ ಒಂದೇ ಸಾಫ್ಟ್‌ವೇರ್‌ಗೆ ಮೂರು ಕ್ಯಾಲೆಂಡರ್ ಆಯ್ತು, ಶೀಟಿಗೊಂದು, ವಿಬಿಎಗೊಂದು, ಮ್ಯಾಕ್‌ಗೊಂದು.

ಫಾರ್ಮುಲಾ_ಫಣಿ:
"ಮೂರು ಕ್ಯಾಲೆಂಡರ್"!! ಕ್ಯಾಲ್ಕ್‌ನಲ್ಲಿ ಟೂಲ್ಸ್ > ಆಪ್ಷನ್ಸ್ > ಲಿಬ್ರೆಆಫೀಸ್ ಕ್ಯಾಲ್ಕ್ > ಕ್ಯಾಲ್ಕುಲೇಟ್ ತೆಗೆದು ನೋಡಿ ಸ್ವಾಮಿ. ಅಲ್ಲಿ 1899 ಡಿಸೆಂಬರ್ 30, 1900 ಜನವರಿ 1, 1904 ಜನವರಿ 1, ಮೂರು ಬಟನ್. ನಿಮ್ಮನೇಲೂ ಮೂರೇ ಇದಾವೆ.

ಪೆಂಗ್ವಿನ್_ಪುಟ್ಟ:
ಅದು ಬೇರೆಯವರ ಫೈಲ್ ಓದೋಕೆ ಕೊಟ್ಟಿರೋ ಸೌಲಭ್ಯ, 1900 ಜನವರಿ 1 ಅನ್ನೋದು ಕ್ಯಾಲ್ಕ್‌ನ ಪೂರ್ವಜ, ಹಳೇ ಸ್ಟಾರ್‌ಕ್ಯಾಲ್ಕ್ 1.0ಗೆ.

ಫಾರ್ಮುಲಾ_ಫಣಿ:
ಓ, ನೀವು ಮಾಡಿದ್ರೆ ಸೌಲಭ್ಯ, ನಾವು ಲೋಟಸ್ ಫೈಲ್ ಓದೋಕೆ ಮಾಡಿದ್ರೆ ಸುಳ್ಳು?

ಪೆಂಗ್ವಿನ್_ಪುಟ್ಟ:
ಲೋಟಸ್ ಫೈಲ್ ಓದ್ಕೊಳ್ಳಿ ಯಾರು ಬೇಡ ಅಂದ್ರು, ಅದನ್ನ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್‌ಗೆ ಯಾಕೆ ಸೇರಿಸಿದ್ರಿ? ವರ್ಡ್, ಎಕ್ಸೆಲ್‌ನ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ಗಳ ಹಿಂದಿರೋ ಫಾರ್ಮ್ಯಾಟ್ ಒಒಎಕ್ಸ್‌ಎಂಎಲ್ 2006ರಲ್ಲಿ ಎಕ್ಮಾ ಅನ್ನೋ ಸಂಸ್ಥೆಯ ಸ್ಟ್ಯಾಂಡರ್ಡ್ ಆದಾಗ ಸುಮಾರು ಆರು ಸಾವಿರ ಪುಟ, ಅದ್ರೊಳಗೆ 1900 ಅಧಿಕ ವರ್ಷ ಅಂತ ನಡ್ಕೊಳ್ಳಿ ಅಂತ ಬರೆದಿಟ್ಟಿದ್ರು. 2008ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಒದ ಸ್ಟ್ಯಾಂಡರ್ಡ್ ಆಗೋವಾಗ ಇದಕ್ಕೇ ಎಷ್ಟು ಗಲಾಟೆ ಆಯ್ತು. ಲಿಬ್ರೆಆಫೀಸ್ ಬಳಸೋ ಫಾರ್ಮ್ಯಾಟ್ ಒಡಿಎಫ್ 2006ರಲ್ಲೇ ಐಎಸ್‌ಒ ಆಗಿತ್ತು, ಅದ್ರಲ್ಲಿ ಈ ರಗಳೆ ಇಲ್ಲ. ವಿಜ್ಞಾನಿಗಳು 2020ರಲ್ಲಿ ಜೀನ್‌ಗಳ ಹೆಸರೇ ಬದಲಾಯಿಸಿದ್ರು, ಮಾರ್ಚ್1 ಅನ್ನೋ ಜೀನ್ ಹೆಸರು ಹೊಡೆದ್ರೆ ಎಕ್ಸೆಲ್ ತಾರೀಖು ಮಾಡತ್ತೆ ಅಂತ. ಸಾಫ್ಟ್‌ವೇರ್ ಬಗ್ಗಲ್ಲ, ಜೀನ್ ಬಗ್ಗಬೇಕು. ಅಂದ್ಹಾಗೆ ಇಷ್ಟೆಲ್ಲ ವಕಾಲತ್ತು ಮಾಡ್ತೀಯಲ್ಲ, ನಿನ್ನ ಆಫೀಸ್ ದುಡ್ಡು ಕೊಟ್ಟು ತಗೊಂಡಿದ್ದಾ ಕ್ರ್ಯಾಕಾ?

ಫಾರ್ಮುಲಾ_ಫಣಿ:
ಏಯ್ ನಾಲಿಗೆ ಬಿಗಿ ಹಿಡ್ಕೊಂಡು ಮಾತಾಡು. ಪ್ರತಿ ವರ್ಷ ನನ್ನ ಜೇಬಿಂದ ಕಟ್ತೀನಿ. ಫ್ರೀಯಾಗಿ ಸಿಗೋದನ್ನ ಬಳಸ್ಕೊಂಡು ದುಡ್ಡು ಕೊಡೋರನ್ನ ಕಳ್ಳ ಅನ್ನೋ ಮಟ್ಟಕ್ಕೆ ಬಂದ್ಯಾ? ನಿನ್ನಂಥವ್ರಿಂದಲೇ ಜನ ಓಪನ್ ಸೋರ್ಸ್ ಅಂದ್ರೆ ಓಡೋದು. ಜೀನ್ ವಿಷ್ಯಕ್ಕೆ 2023ರಲ್ಲೇ ಆಪ್ಷನ್ ಕೊಟ್ಟಾಯ್ತು, ಫೈಲ್ > ಆಪ್ಷನ್ಸ್ > ಡೇಟಾದಲ್ಲಿ ಆಟೋಮ್ಯಾಟಿಕ್ ಕನ್ವರ್ಷನ್ ಆಫ್ ಮಾಡ್ಕೋ, ಅರ್ಧ ಓದ್ಕೊಂಡು ಬರಬೇಡ. ಮ್ಯೂನಿಕ್ ನಗರ ಆಡಳಿತ ವರ್ಷಗಟ್ಟಲೆ ಲಿನಕ್ಸ್ ಮೇಲೆ ಒದ್ದಾಡಿ 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗ್ತೀವಿ ಅಂತ ನಿರ್ಧಾರ ಮಾಡ್ತು, ಅದನ್ನ ಯಾಕೆ ಬಾಯ್ಬಿಡಲ್ಲ ನೀನು?

ಅಡ್ಮಿನ್:
ಕ್ರ್ಯಾಕ್ ಅನ್ನೋ ಮಾತು, ಏಯ್ ಅನ್ನೋ ಮಾತು ಎರಡೂ ಇಲ್ಲಿಗೆ ನಿಲ್ಲಲಿ. ಮುಂದಿನದು ಡಿಲೀಟ್ ಆಗತ್ತೆ.

ಪೆಂಗ್ವಿನ್_ಪುಟ್ಟ:
ಆಯ್ತು ಅಡ್ಮಿನ್. ಮ್ಯೂನಿಕ್ ಅಂದ್ರಲ್ಲ, ಅದೇ ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ ಸರ್ಕಾರ 2024ರಲ್ಲಿ ಸುಮಾರು 30,000 ಕಂಪ್ಯೂಟರ್‌ಗೆ ಲಿಬ್ರೆಆಫೀಸ್ ಹಾಕ್ತೀವಿ ಅಂತ ಘೋಷಣೆ ಮಾಡಿದೆ. ಅದು ಕಾಣ್ಸಲ್ಲ ಬಿಡಿ.

ಫಾರ್ಮುಲಾ_ಫಣಿ:
"ಹಾಕ್ತೀವಿ" ಅಂತ ಮ್ಯೂನಿಕ್‌ನವ್ರೂ ಹೇಳಿದ್ರು.

ಹಳೇ_ಕೀಬೋರ್ಡ್:
ಈ ಗಲಾಟೆ ನಡುವೆ ನಾನು ಲಿಬ್ರೆಆಫೀಸ್ ಹಾಕ್ಕೊಂಡು ನೋಡ್ದೆ. ಎರಡು ಮ್ಯಾಕ್ರೋದಲ್ಲಿ ಒಂದು ಹಾಗೇ ಓಡ್ತು, ಇನ್ನೊಂದರಲ್ಲಿ ಯೂಸರ್‌ಫಾರ್ಮ್ (ಮಾಹಿತಿ ತುಂಬೋ ಪುಟ್ಟ ಕಿಟಕಿ) ಇದೆ, ಅದನ್ನ ಮುಟ್ಟಕ್ಕೆ ಹೋಗಲ್ಲ, ನೆಟ್ ಇಲ್ಲದ ಸಿಸ್ಟಮ್‌ನಲ್ಲಿ 2019ರಲ್ಲೇ ಇರ್ಲಿ. ಲೆಟರ್‌ಗಳಲ್ಲಿ ಒಂದು ಪುಟದ್ದು ಎರಡು ಪುಟ ಆಗ್ತಿದೆ, ಕೆಳಗಿನ ಸಹಿ ಸಾಲು ಒಂದೇ ಆಚೆ ಹೋಗ್ತಿದೆ. ಇದ್ಯಾಕೆ?

ಶಿಫ್ಟ್_ಇನ್‌ಚಾರ್ಜ್:
ಫಾಂಟ್ ಸರ್. ಲೆಟರ್ ಮಾಡಿದ ಫಾಂಟ್ ಈ ಕಂಪ್ಯೂಟರ್‌ನಲ್ಲಿ ಇಲ್ದಿದ್ರೆ ಬೇರೇದು ಬಂದು ಕೂರತ್ತೆ, ಅಕ್ಷರದ ಅಗಲ ಒಂದಿಷ್ಟು ಆಚೀಚೆ ಆದ್ರೂ ಸಾಲು ಮುರಿಯತ್ತೆ. ಕ್ಯಾಲಿಬ್ರಿಗೆ ಕಾರ್ಲಿಟೋ, ಏರಿಯಲ್‌ಗೆ ಲಿಬರೇಷನ್ ಸಾನ್ಸ್, ಇವು ಅಳತೆಯಲ್ಲಿ ಒಂದೇ. ಈಗಿನ ವರ್ಡ್ ಹೊಸ ಫೈಲಿಗೆ ಆಪ್ಟೋಸ್ ಕೊಡತ್ತೆ, ಬೇರೆಯವ್ರು ಕಳಿಸಿದ್ದು ಅದ್ರಲ್ಲಿದ್ಯಾ ನೋಡಿ. ಇನ್ನೊಂದು, ಸಹಿ ಸಾಲನ್ನ ಎಂಟರ್ ಹೊಡೆದು ಹೊಡೆದು ಕೆಳಗೆ ತಳ್ಳಿದ್ರೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ.

ಮೆನು_ಮೋಹನ:
ಎಂಟರ್ ಹೊಡೀದೆ ಮತ್ತಿನ್ನೇನ್ ಮಾಡ್ತಾರ್ರೀ? ಎಲ್ರೂ ಹಂಗೇ ಮಾಡೋದು.

ಪೆಂಗ್ವಿನ್_ಪುಟ್ಟ:
ನೋಡಿ, ಮೊದಲೇ ಒಡಿಎಫ್‌ನಲ್ಲಿ ಸೇವ್ ಮಾಡಿದ್ರೆ ಈ ಪುಟ ಜಾರೋ ತಾಪತ್ರಯ ಇರ್ತಾನೇ ಇರ್ಲಿಲ್ಲ.

ಫಾರ್ಮುಲಾ_ಫಣಿ:
ಒಡಿಎಫ್ ಫೈಲ್‌ಗೆ ಫಾಂಟ್ ಬೇಡ್ವಾ? ಒಡಿಎಫ್ ಅಂದ ತಕ್ಷಣ ಫಾಂಟ್ ಆಕಾಶದಿಂದ ಬೀಳತ್ತಾ? ಮೈಕ್ರೋಸಾಫ್ಟ್ ಸ್ಟ್ಯಾಂಡರ್ಡ್ ಪಾಲಿಸಲ್ಲ ಅಂತ ಅಳ್ತೀರಲ್ಲ, ಎಕ್ಸೆಲ್‌ನಲ್ಲಿ ಸೇವ್ ಆಸ್ ಕೊಟ್ಟು ಪಟ್ಟಿ ಕೆಳಗಿಳಿಸಿ, ಐಎಸ್‌ಒ ಸ್ಟ್ಯಾಂಡರ್ಡ್‌ಗೆ ತಕ್ಕ ಸ್ಟ್ರಿಕ್ಟ್ ಓಪನ್ ಎಕ್ಸ್‌ಎಂಎಲ್ ಅಂತಾನೇ ಒಂದು ಆಯ್ಕೆ ಇದೆ. ಅದೇ ಪಟ್ಟಿಯಲ್ಲಿ ನಿಮ್ಮ ಒಡಿಎಫ್‌ನ ಶೀಟ್ ಫೈಲ್ ಒಡಿಎಸ್ಸೂ ಇದೆ.

ಪೆಂಗ್ವಿನ್_ಪುಟ್ಟ:
"ಪಟ್ಟಿ ಕೆಳಗಿಳಿಸಿ" ಅಂತ ನೀವೇ ಹೇಳಿದ್ರಿ. ಡೀಫಾಲ್ಟ್ ಯಾಕಾಗಿಲ್ಲ? ನೀವು ಇಷ್ಟು ವರ್ಷದಲ್ಲಿ ಒಂದೇ ಒಂದು ಫೈಲ್ ಸ್ಟ್ರಿಕ್ಟ್‌ನಲ್ಲಿ ಸೇವ್ ಮಾಡಿದ್ದೀರಾ ಅದನ್ನ ಹೇಳಿ ಮೊದ್ಲು.

ಫಾರ್ಮುಲಾ_ಫಣಿ:
ಯಾಕ್ ಮಾಡ್ಲಿ? ನನ್ ಫೈಲ್ ನನ್ ಎಕ್ಸೆಲ್‌ನಲ್ಲಿ ತೆರ್ಕೊಳ್ಳತ್ತೆ.