ಅಪ್‌ಡೇಟ್: ಕ್ಲಬ್‌ಗೆ ಸೇರಿದೆ, ಖಜಾಂಚಿನೂ ಆದೆ

ಬಿಬಿಎ ಓದ್ತಾ ಕಾಲೇಜಿನ ಕ್ಲಬ್‌ಗೆ ಸೇರಿದ್ರೆ ಕೆಲಸಕ್ಕೆ ಬರೋದೇನಾದ್ರೂ ಕಲೀತೀವಾ, ಇಲ್ಲ ಬರೀ ಸರ್ಟಿಫಿಕೇಟಾ ಅಂತ ಹೋದ ವರ್ಷ ಇಲ್ಲಿ ಕೇಳಿದ್ದೆ. "ಹುದ್ದೆಯ ಹೆಸರು ನೋಡ್ಬೇಡ, ದುಡ್ಡಿನ ಲೆಕ್ಕ ಇರೋ ಕೆಲಸ ಹಿಡಿ" ಅಂದಿದ್ರಿ ಒಬ್ರು. ಹಿಡಿದೆ.

ಮೊದಲ ಕಾರ್ಯಕ್ರಮ ಮುಗಿದ ರಾತ್ರಿ ನನ್ನ ಎಕ್ಸೆಲ್ ಶೀಟಲ್ಲಿ ಇದ್ದದ್ದು ಅಂದಾಜು ಮಾತ್ರ. ನಿಜವಾದ ಖರ್ಚಿಗೆ ಕಾಲಮ್ಮೇ ಇಲ್ಲ, ಬ್ಯಾನರಿನ ರಸೀದಿ ಯಾರ ಜೇಬಲ್ಲಿದೆಯೋ ಗೊತ್ತಿಲ್ಲ. ಈಗ ಮೂರು ಕಾಲಮ್: ಅಂದಾಜು, ಖರ್ಚು, ವ್ಯತ್ಯಾಸ. ಕ್ಲಾಸಲ್ಲಿ ವೇರಿಯನ್ಸ್ ಅನಾಲಿಸಿಸ್ (ಅಂದಾಜಿಗೂ ನಿಜವಾದ ಖರ್ಚಿಗೂ ಇರೋ ವ್ಯತ್ಯಾಸ ನೋಡೋದು) ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ; ಅರ್ಥ ಆಗಿದ್ದು ಆ ರಾತ್ರಿ.

ಪ್ರಾಯೋಜಕರಿಗೆ ಬರೆದ ಮೊದಲ ಇಮೇಲ್ ನೆನೆಸಿಕೊಂಡ್ರೆ ಈಗ್ಲೂ ನಾಚಿಕೆ. ಪುಟದ ತುಂಬಾ ನಮ್ಮ ಕ್ಲಬ್ಬಿನ ಹೊಗಳಿಕೆ! ಒಂದೂ ಉತ್ತರ ಇಲ್ಲ. ಸೀನಿಯರ್ ಅಕ್ಕ ಅದನ್ನ ನಾಲ್ಕು ಸಾಲಿಗೆ ಇಳಿಸಿದ್ರು: ಯಾರು ಬರ್ತಾರೆ, ಎಷ್ಟು ಜನ, ಅವರಿಗೇನು ಲಾಭ, ಯಾವತ್ತಿನೊಳಗೆ ಉತ್ತರ ಬೇಕು. ಹನ್ನೆರಡು ಕಳಿಸಿದ್ದಕ್ಕೆ ಎರಡು ಉತ್ತರ ಬಂತು, ಒಂದು ಪ್ರಾಯೋಜಕತ್ವ ಗಿಟ್ಟಿತು.

ಇಂಟರ್ನ್‌ಶಿಪ್ ಸಂದರ್ಶನದಲ್ಲಿ "ತಪ್ಪು ಮಾಡಿ ಸರಿಪಡಿಸಿದ್ದು ಹೇಳಿ" ಅಂದ್ರು. ರಸೀದಿ ಕಥೆ ಹೇಳಿದೆ: ಸನ್ನಿವೇಶ, ನನ್ನ ಹೊಣೆ, ಮಾಡಿದ್ದು, ಫಲ. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಸ್ಟಾರ್ (STAR) ವಿಧಾನ ಅಂತಾರಲ್ಲ, ಅದೇ. ಸಿಕ್ತು!

ಮೂರು ಕ್ಲಬ್ ಬೇಡ ಅಂತಲೂ ಹೇಳಿದ್ರಿ. ಕೇಳ್ಲಿಲ್ಲ. ಇಂಟರ್ನಲ್ಸ್ ಪರೀಕ್ಷೆ ಕೆಟ್ಟ ಮೇಲೆ ಎರಡು ಬಿಟ್ಟೆ. ಮುಂದಿನ ಖಜಾಂಚಿಗೆ ಶೀಟ್ ಒಪ್ಪಿಸೋದೊಂದು ಬಾಕಿ, ಅದರ ಜೊತೆ ರಸೀದಿ ಹಾಕಿಡೋ ಲಕೋಟೆನೂ.