ಮೆಣಸಿನಕಾಯಿ ಸೀಜನ್ನಿನಾಗ ನಾಟಕ ಬರ್ಯೂದು ಹ್ಯಾಂಗ?

ಬ್ಯಾಡಗಿ ಗುಮಾಸ್ತ

ಎಲ್ಲಾರಿಗೂ ನಮಸ್ಕಾರ್ರಿ. ನಾ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಒಂದು ದಲಾಲಿ ಅಂಗಡ್ಯಾಗ 11 ವರ್ಷದಿಂದ ಗುಮಾಸ್ತ ಅದೇನಿ. ಊರು ಇಲ್ಲಿಂದ 9 ಕಿಲೋಮೀಟರ್. ನಮ್ಮೂರ ಜಾತ್ರಿಗೆ ವರ್ಷಾ ಒಂದು ಸಾಮಾಜಿಕ ನಾಟಕ ಆಡ್ತೇವಿ. ಮೊದಲ ಪ್ಯಾಟಿಯಿಂದ ಪುಸ್ತಕ ತಂದು ಆಡತಿದ್ವಿ. ಆ ಮಾತು ನಮ್ಮ ಹುಡುಗರ ಬಾಯಾಗ ಹೊರಳೂದಿಲ್ಲ ಅಂತ ಒಂದ್ಸಲ ನಾನ ಬರದು ಕೊಟ್ಟೆ. ಅಲ್ಲಿಗೆ ಕೊಳ್ಳಿಗೆ ಬಿತ್ತು. ಈಗ ನಾಕು ನಾಟಕ ಆಗ್ಯಾವ, ಐದನೇದು ನಡದೈತಿ. ನಡದೈತಿ ಅಂದ್ರ, ನಿಂತೈತಿ.

ತ್ರಾಸು ಏನಂದ್ರ, ಜಾತ್ರಿ ಬರೂದು ಯುಗಾದಿ ಹಿಂದ-ಮುಂದ. ಮೆಣಸಿನಕಾಯಿ ಬರೂದೂ ಡಿಸೆಂಬರ್‌ದಾಗ ಶುರುವಾಗಿ ಅಲ್ಲೀ ಮಟಾನ. ಸೋಮವಾರ, ಗುರುವಾರ ಮಾರ್ಕೆಟ್. ಆ ದಿನ ನಸುಕಿನ್ಯಾಗ ಎದ್ದು ಬಂದು ಚೀಲ ಇಳಸೂದು ನೋಡಬೇಕು. ರೈತನ ಹೆಸರು, ಚೀಲ ಎಷ್ಟು, ಕಾಯಿ ಜಾತಿ ಡಬ್ಬಿನೋ ಕಡ್ಡಿನೋ ಗುಂಟೂರೋ, ಎಲ್ಲಾ ಬರದು ಲಾಟಿಗೆ ನಂಬರ್ ಹಚ್ಚಬೇಕು. ಟೆಂಡರ್ ರೇಟು ಬಿದ್ದ ಮ್ಯಾಲ ತೂಕ, ತೂಕ ಆದ ಮ್ಯಾಲ ರೈತನ ಕೈಗೆ ಕೊಡೂ ಲೆಕ್ಕದ ಪಟ್ಟಿ. ಮನಿ ಮುಟ್ಟಿದಾಗ ರಾತ್ರಿ ಹನ್ನೊಂದು, ಒಮ್ಮೊಮ್ಮೆ ಒಂದು. ಮರುದಿನ ರೊಕ್ಕದ ಲೆಕ್ಕ. ಘಾಟು ಮೂಗಿಗೆ ರೂಢಿ ಆಗೈತ್ರಿ, ಕಣ್ಣಿಗೆ ಇನ್ನೂ ಆಗಿಲ್ಲ. ರಾತ್ರಿ ವಹಿ ಮುಂದ ಕುಂತ್ರ ಅಕ್ಷರ ಈಜಾಡತಾವ.

ಹೋದ ತಿಂಗಳ ಒಂದು ಫಜೀತಿ ಆತು. ತೂಕದ ಗದ್ದಲದಾಗ ನಾಟಕದ ಸಾವಕಾರನ ಪಾತ್ರಕ್ಕ ಒಂದು ಮಾತು ಹೊಳೀತು. ಕೈಗೆ ಸಿಕ್ಕ ಕಾಗದದ ಬೆನ್ನಿಗೆ ಗೀಚಿದೆ: “ಯುಗಾದಿ ಒಳಗ ರೊಕ್ಕ ಕಟ್ಟಲಿಲ್ಲಂದ್ರ ನಿನ್ನ ಮನಿ ಬಾಗಲಾ ಕಿತ್ತು ಹೊತಗೊಂಡು ಹೋಗ್ತೇನಿ.” ಆ ಕಾಗದ ರೋಣ ಕಡೆ ರೈತರೊಬ್ಬರ ಪಟ್ಟಿ! ಅವ್ರು ಕಿಸೆದಾಗ ಇಟಗೊಂಡು ಊರಿಗೆ ಹೋಗಿ, ಮಗನ ಕಡೆ ಓದಿಸ್ಯಾರ. ಮೂರನೇ ದಿನ ಇಬ್ಬರು ಹಿರ್ಯಾರನ್ನ ಕರಕೊಂಡು ಅಂಗಡಿಗೆ ಬಂದು, “ನಾ ನಿಮಗ ಯಾವ ಬಾಕಿ ಕೊಡೂದೈತ್ರಿ?” ಅಂತ ಕುಂತಬಿಟ್ರು. ನಮ್ಮ ಸಾವಕಾರ್ರು ಆ ಅಕ್ಷರ ನೋಡಿದ ಕೂಡ್ಲೆ ನನ್ನ ಮಾರಿ ನೋಡಿದ್ರು. “ನಿನಗ ನಾಟಕ ಬೇಕೋ, ಪಗಾರ ಬೇಕೋ?” ಅಂದ್ರು. ಎರಡೂ ಬೇಕ್ರಿ ಅನ್ನಾಕ ಬಾಯಿ ಬರಲಿಲ್ಲ.

ಈ ಸಲದ ನಾಟಕ ನನಗ ಭಾಳ ಹಿಡಿಸಿದ್ದು. ಹುಬ್ಬಳ್ಳ್ಯಾಗ ಕಾಲೇಜು ಕಲಿಯೂ ಮಗಳು ತುಟಿಗೆ ಬಣ್ಣ ಹಚಗೊಂಡು ಊರಿಗೆ ಬರತಾಳ. ಅಪ್ಪ ಬೈತಾನ. ನಮ್ಮ ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕ ಹೆಸರಾದದ್ದು, ಅದರ ಬಣ್ಣ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. “ಅಪ್ಪಾ, ನೀ ಬೆಳದದ್ದನ್ನ ನಾ ಹಚಗೊಂಡೇನಿ” ಅಂತಾಳ ಆಕಿ. ಇಲ್ಲೀ ಮಟ ಬಂದು ನಿಂತೈತಿ. ಎರಡು ದೃಶ್ಯ ಆಗ್ಯಾವ, ಇನ್ನೂ ಆರು ಬೇಕು. ಹುಡುಗರು ತಾಲೀಮಿಗೆ ಕುಂತಾರ, ಪೇಟಿ ಮಾಸ್ತರಿಗೆ ಮುಂಗಡ ಕೊಟ್ಟಾಗೈತಿ.

ದುಡಕೊಂತ ಬರ್ಯೂವ್ರು, ಹಾಡೂವ್ರು, ಚಿತ್ರಾ ತಗಿಯೂವ್ರು ಇಲ್ಲಿ ಇರಬೇಕು. “ಬಿಡುವು ಮಾಡಕೋರಿ” ಅನ್ನೂ ಉಪದೇಶ ಬ್ಯಾಡ್ರಿ. ಆ ಬಿಡುವು ನೀವು ಯಾವ ಸಂತ್ಯಾಗಿಂದ ತಂದ್ರಿ, ಅಷ್ಟ ಹೇಳ್ರಿ.

ಬೆಟಗೇರಿ ಮಗ್ಗ

ಅಣ್ಣಾರ, ಪಟ್ಟಿ ಕತಿ ಓದಿ ಲಾಳಿ ಕೈಬಿಟ್ಟು ನಕ್ಕೆ. ಅದನ್ನ ನಾಟಕದಾಗ ಹಾಕ್ರಿ ಮೊದಲು.

ನಾ ಸೀರಿ ನೇಯ್ತೇನಿ, ಭಜನಿ ಪದಾ ಕಟ್ತೇನಿ. ಕೈ ಕಾಲು ಎರಡೂ ಮಗ್ಗಕ್ಕ ಸಿಕ್ಕಿರತಾವ, ಬರ್ಯಾಕ ಆಗೂದ ಇಲ್ಲ. ಹಂಗಾಗಿ ಬಾಯಾಗ ಕಟ್ಟೂದು. ಒಂದು ನುಡಿ ಕಟ್ಟಿ, ಎಳಿ ಹರದು ಮಗ್ಗ ನಿಲ್ಲೂ ಮಟ ಅದನ್ನ ಹೇಳಕೋತ ಇರೂದು. ನಿಂತಾಗ ಬರಕೊಳ್ಳೂದು. ಅಲ್ಲೀ ಮಟ ನೆನಪು ಉಳೀಲಿಲ್ಲಂದ್ರ ಅದು ಉಳಿಯೂ ಪದ ಅಲ್ಲ ಅಂತ ಬಿಟ್ಟಬಿಡೂದು.

ನಮ್ಮ ಗದಗಿನ ಮಾತು ನಿಮಗೂ ಗೊತ್ತಿರಬೇಕು. ಕುಮಾರವ್ಯಾಸ ಕೋನೇರ್ಯಾಗ ಮುಳುಗಿ, ಒದ್ದಿ ಬಟ್ಟಿ ಮ್ಯಾಲ ವೀರನಾರಾಯಣನ ಗುಡಿ ಕಂಬಕ್ಕ ಆತು ಕುಂತು, ಬಟ್ಟಿ ಆರೂ ಮಟ ಅಷ್ಟ ಭಾರತ ಹೇಳತಿದ್ದ ಅಂತಾರ. ಆರಿತೋ, ಅವತ್ತಿನ ಕೆಲಸ ಮುಗೀತು. ಮ್ಯಾಲ ಅಂವಾ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಶಾನಭೋಗರ ಮನಿತನದಾಂವ. ಲೆಕ್ಕಾ ಬರ್ಯೂವ್ರ ವಂಶ, ನಿಮ್ಮ ಪೈಕೀನ ಆತು.

ಬ್ಯಾಡಗಿ ಗುಮಾಸ್ತ

ನಮ್ಮ ಪೈಕಿ ಅಂದದ್ದು ಕೇಳಿ ಎದಿ ಉಬ್ಬಿತ್ರಿ. ಆದ್ರ ಇಲ್ಲಿ ಮಾರ್ಚ್ ಬಿಸಲಿಗೆ ಒದ್ದಿ ಪಂಜಿ ಹತ್ತ ನಿಮಿಷಕ್ಕ ಆರತೈತಿ. ಮತ್ತ ಆತಗ ಟೆಂಡರ್ ಇದ್ದಿಲ್ಲ.

ಚಿಗರಿ ಪ್ರಯಾಣಿಕ

ನಾನು ಧಾರವಾಡದ ಸಪ್ತಾಪುರದಾಂವ, ನೌಕರಿ ಹುಬ್ಬಳ್ಳ್ಯಾಗ. ಸಣ್ಣ ಕಥಿ ಬರೀತೇನಿ. ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸು ಶುರು ಆದಾಗ ಭಾಳ ಖುಷಿಪಟ್ಟಿದ್ದೆ. 22 ಕಿಲೋಮೀಟರ್ ಹಾದಿ, ಎಸಿ ಅದ, ಹೋಗ್ತ ಒಂದು ಪುಟ ಬರ್ತ ಒಂದು ಪುಟ ಅಂತ ಲೆಕ್ಕಾ ಹಾಕಿದ್ದೆ. ಕೂಡಲಿಕ್ಕೆ ಸೀಟು ಸಿಕ್ಕರಲ್ಲ ಬರಿಯೂದು! ಒಂದು ಕೈಯಾಗ ಹಿಡಿಕಿ, ಬೆನ್ನಿಗೆ ಯಾರದೋ ಡಬ್ಬಿ ಚೀಲ. ಮೊಬೈಲಿಗೆ ಬಾಯಿಲೆ ಹೇಳಿ ಬರಸೋಣ ಅಂತ ನೋಡಿದೆ. ನಾ “ಎಲ್ಲಿ ಕುಂತಿದ್ದಿ” ಅಂದ್ರ ಅದು “ಎಲ್ಲಿ ಕುಂತಿ ದೇವಿ” ಅಂತ ಬರೀತು. ನಮ್ಮ ಕಡೆ ಮಾತು ಅದಕ್ಕ ಇನ್ನೂ ತಿಳಿಯಂಗಿಲ್ಲ. ಬಸ್ಸಿನಾಗ ನಾಕು ಮಂದಿ ತಿರುಗಿ ನೋಡಿದ್ದು ಬ್ಯಾರೆ.

ಕಡೀಕೆ ಮಾಡಿದ್ದು ಇಷ್ಟ. ಮನ್ಯಾಗಿಂದ ಅರ್ಧಾ ತಾಸು ಮೊದಲು ಹೊರಡ್ತೇನಿ. ಉಣಕಲ್ ಕೆರಿ ಹತ್ತರ ಇಳೀತೇನಿ. ಅಲ್ಲಿ ಕಟ್ಟಿ ಮ್ಯಾಲೆ ಕೂತು 25 ನಿಮಿಷ ಬರದು, ಹಿಂದಿನ ಬಸ್ಸು ಹಿಡೀತೇನಿ. ಮನ್ಯಾಗಿದ್ರ ಸಿಲಿಂಡರ್ ಬುಕ್ ಮಾಡ್ರಿ ಅಂತಾರ, ಆಫೀಸಿನ್ಯಾಗಿದ್ರ ಆ ಫೈಲ್ ಎಲ್ಲದ ಅಂತಾರ. ಉಣಕಲ್‌ನಾಗ ನಾ ಯಾರ ಕೈಗೂ ಸಿಗೂದಿಲ್ಲ. ಮಳಿಗಾಲದಾಗ ಮಾತ್ರ ಈ ಆಟ ನಡಿಯಂಗಿಲ್ಲ, ಒಪ್ತೇನಿ. ನಿಮ್ಮ 9 ಕಿಲೋಮೀಟರ್ ಹಾದ್ಯಾಗ ಒಂದು ಬೇವಿನ ಗಿಡ ಇಲ್ಲೇನು?

ಗವಂತಿ ಹೊಲಿಗಿ

ಎಲ್ಲಾ ಅಣ್ಣಾವ್ರ ಬರದದ್ದು ಓದಿದೆ. ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಅರ್ಧಾ ತಾಸು ಮೊದಲು ಹೊರಟಾಗ ಡಬ್ಬಿ ಕಟ್ಟಿದವ್ರು ಎಷ್ಟಕ್ಕ ಎದ್ದಿದ್ರು?

ನಾ ಹುಬ್ಬಳ್ಳ್ಯಾಗ ಒಂದು ಬ್ಯಾಂಕಿನ್ಯಾಗ ಕ್ಯಾಷ್ ಕೌಂಟರಿಗೆ ಕೂಡ್ತೇನಿ, ಕಸೂತಿ ಹಾಕ್ತೇನಿ. ದಿನಾ ನೋಟು ಎಣಿಸಿ, ಮನಿಗೆ ಬಂದು ಎಳಿ ಎಣಿಸೂದು. ಕಸೂತಿಗೆ ಬಟ್ಟಿ ಮ್ಯಾಲೆ ಗೆರಿ ಹಾಕೂದಿಲ್ಲ, ಎಳಿ ಎಣಿಸೇ ಹಾಕಬೇಕು. ನಡುವ “ಅವ್ವಾ, ನನ್ನ ಕಂಪಾಸ್ ಬಾಕ್ಸ್ ಎಲ್ಲಿ?” ಅಂತ ಒಂದು ದನಿ ಬಂದ್ರ ಎಣಿಕಿ ತಪ್ತದ. ಹೊಲಿಗ್ಯಾಗಿನ ಗೋಪುರ ಒಂದು ಕಡೆ ವಾಲ್ತದ. ಬಿಚ್ಚಬೇಕು.

ಗವಂತಿ ಹೊಲಿಗಿ ಹೆಂಗಂದ್ರ, ಹೋಗೂವಾಗ ಒಂದು ಬಿಟ್ಟು ಒಂದು ಹೊಲಗೋತ ಹೋಗೂದು, ಬರೂವಾಗ ಬಿಟ್ಟದ್ದನ್ನ ತುಂಬಿಕೋತ ಶುರು ಮಾಡಿದಲ್ಲೇ ಬರೂದು. ಗಂಟು ಹಾಕಂಗಿಲ್ಲ, ಎರಡೂ ಮಗ್ಗಲ ಒಂದೇ ಕಾಣಬೇಕು. ನಾ ಹೋಗೂ ಹಾದ್ಯಾಗ ಎಂದೂ ಏಳೂದಿಲ್ಲ. ಹಾಲು ಉಕ್ಕಿದ್ರೂ ಏಳೂದಿಲ್ಲ, ಉಕ್ಕ್ಯಾವ. ಬರೂ ಹಾದಿ ಹಿಡಿದ ಮ್ಯಾಲೆ ಯಾರು ಕರೆದ್ರೂ ಎದ್ದು ಹೋಗ್ತೇನಿ, ಯಾಕಂದ್ರ ಖಾಲಿ ಮನಿ ತುಂಬೂದು ಅಷ್ಟ ಇರ್ತದ, ಎಣಿಸೂದು ಇರೂದಿಲ್ಲ. ಮನ್ಯಾಗೂ ಈಗ ಎಲ್ಲಾರೂ “ಹೋಗೂ ಹಾದಿನೋ, ಬರೂ ಹಾದಿನೋ?” ಅಂತ ಕೇಳೇ ಮಾತಾಡಸ್ತಾರ.

ನಿಮ್ಮ ನಾಟಕದಾಗೂ ಹಂಗ ಎರಡು ಥರಾ ಕೆಲಸ ಇರಬೇಕಲ್ಲ? ದೃಶ್ಯ ಹೆಂಗ ಹೋಗಬೇಕು ಅಂತ ಯೋಚನಿ ಮಾಡೂದು ಒಂದು, ಮಾತು ತುಂಬೂದು ಒಂದು. ಮಾತು ತುಂಬೂದನ್ನ ತೂಕದ ಗದ್ದಲದಾಗ ಮಾಡ್ರಿ, ಪಟ್ಟಿ ಹಿಂದ ಮಾತ್ರ ಬ್ಯಾಡ. ಯೋಚನಿ ಮಾಡ್ಲಿಕ್ಕೆ ವಾರಕ್ಕ ಒಂದು ತಾಸು ಮನ್ಯಾಗ ಕೇಳಿ ತಗೋರಿ. ಕೇಳಿ, ಕದ್ದಲ್ಲ.

ಹಾವೇರಿ ನಿವೃತ್ತ ಮಾಸ್ತರ

ತಮ್ಮಾ, ನೀ ಬಿತ್ತೂ ಹೊತ್ತಿನ್ಯಾಗ ಮಲಗಿ ಸುಗ್ಗ್ಯಾಗ ಹೊಲಾ ಹೂಡಾಕತ್ತಿ. ಆಷಾಢ-ಶ್ರಾವಣದಾಗ ನಿಮ್ಮ ಮಾರ್ಕೆಟ್ಟಿಗೆ ಹೊಸಾ ಕಾಯಿ ಎಲ್ಲಿ ಬರ್ತಾವ? ಕೋಲ್ಡ್ ಸ್ಟೋರೇಜಿನ ಹಳೇ ಮಾಲು ಅಷ್ಟ. ನಾಟಕ ಆಗ ಬರೀಬೇಕು.

ನಮ್ಮ ಜಿಲ್ಲೆದಾಗ ಗಳಗನಾಥರು ಇದ್ರು. ಸಾಲಿ ಮಾಸ್ತರಿಕಿ ಮಾಡಿಕೊಂತ ಕಾದಂಬರಿ ಬರದ್ರು, ಆ ಪುಸ್ತಕ ಹೊತಗೊಂಡು ಊರೂರು ಅಡ್ಡಾಡಿ ಮಾರಿದ್ರು. ಅವರ ಹೆಸರು ಹೇಳಿ 33 ವರ್ಷ ಹುಡುಗರಿಗೆ ಬುದ್ಧಿ ಹೇಳೇನಿ. ನಾ ಮಾತ್ರ ರಿಟೈರ್ ಆದ ಮ್ಯಾಲ ಬರೀತೇನಿ ಅಂತ ಎಲ್ಲಾ ಗಂಟು ಕಟ್ಟಿ ಇಟ್ಟಿದ್ದೆ. ರಿಟೈರ್ ಆಗಿ 4 ವರ್ಷ ಆತು. ದಿನಾ ಪೂರ್ತಿ ನಂದ. ಪೇಪರ್ ಎರಡು ಸಲ ಓದ್ತೇನಿ, ಮಧ್ಯಾಹ್ನ ಮಲಗ್ತೇನಿ. ಗಂಟು ಇನ್ನೂ ಬಿಚ್ಚಿಲ್ಲ. ಆ ಗದ್ದಲದಾಗ ನಿನಗ ಮಾತು ಹೊಳೀತಾವಲ್ಲ, ಅದಕ್ಕ ನನಗ ಒಂದೀಟು ಹೊಟ್ಟಿಕಿಚ್ಚು ಐತಿ. ಮುಂದಿನ ಆಷಾಢದಾಗ ಹಾವೇರಿಗೆ ಬಾ, ಇಬ್ಬರೂ ಕೂಡಿ ಬರ್ಯಾಕ ಕುಂಡ್ರೂಣು.

ಬ್ಯಾಡಗಿ ಗುಮಾಸ್ತ

ಮಾಸ್ತರ, ಆಷಾಢಕ್ಕ ಬರ್ತೇನ್ರಿ, ಗಂಟು ಬಿಚ್ಚಿ ಇಡ್ರಿ. ಗವಂತಿ ಅಕ್ಕಾರ, ನಿಮ್ಮ ಮಾತು ಎರಡು ದಿನ ಚುಚ್ಚಿತು. ಡಬ್ಬಿ ಪ್ರಶ್ನೆ ಕೇಳಿದ್ದು ಧಾರವಾಡದವ್ರಿಗೆ, ನಟ್ಟದ್ದು ನನಗ.

ಮಂಗಳವಾರ ರಾತ್ರಿ ಮನ್ಯಾಗ ಕೇಳಿದೆ. ನಮ್ಮ ಮನ್ಯಾಕಿ, ಅವ್ವ ಇಬ್ಬರೂ ಕಾಯಿ ತುಂಬು, ಅಂದ್ರ ತೊಟ್ಟು, ಬಿಡಸ್ತಾರ, ಕಿಲೋ ಲೆಕ್ಕದ ಕೂಲಿ. ಸೀಜನ್ನಿನಾಗ ಹಗಲು ಮಾಡಿದ್ದು ಸಾಲದ ರಾತ್ರಿ ಮನಿಗೂ ಚೀಲ ಬರತಾವ. “ತಾಸು ಬಿಟ್ಟುಕೊಡಾಕ ನನ್ನ ಕಡೆ ಎಲ್ಲೈತಿ” ಅಂದ್ಲು ಆಕಿ. “ಒಂದು ಮಾಡ್ರಿ. ಒಳಗ ಬಾಗಲಾ ಹಾಕ್ಕೊಂಡು ಬರ್ಯೂದು ಬಿಟ್ಟು ಇಲ್ಲೇ ಪಡಸಾಲ್ಯಾಗ ಕುಂಡ್ರ್ರಿ. ನೀವೂ ನಾಕು ಕಾಯಿ ಬಿಡಸ್ರಿ, ಬಾಯಿಲೆ ಹೇಳ್ರಿ, ಪಾರಿ ಬರಕೋತಾಳ.” ಪಾರಿ ನಮ್ಮ ದೊಡ್ಡಾಕಿ, ಎಂಟನೇತ್ತೆ. ಬೆಟಗೇರಿ ಅಣ್ಣಾವ್ರ ಬಾಯಾಗ ಕಟ್ಟೂದು ನೆನಪಾತು, ಹೂಂ ಅಂದೆ.

ಕುಂತೆ. ಅಪ್ಪ ಬೈಯೂ ಮಾತು ಹೇಳಿದೆ. ಮಗಳ ಮಾತು ಹೇಳಿದೆ. ಅವ್ವ ತಲಿ ಎತ್ತದ ಅಂದ್ಲು, “ಆಕಿ ಹಂಗ್ಯಾಕ ಅಂತಾಳ? ಬೆಳದಾಂವ ಅಪ್ಪ ಖರೆ. ತುಂಬು ಬಿಡಿಸಿದಾಕಿ ಅವ್ವ. ಅವ್ವನ ಕೈ ತೋರಸ್ಲಿ.” ನನ್ನ ನಾಟಕದಾಗ ತಾಯಿ ಪಾರ್ಟು ಇದ್ದಿದ್ದಿಲ್ರಿ. ಕಲಾವಿದೆ ಒಬ್ಬಾಕಿ ಹೆಚ್ಚಾದ್ರ ಖರ್ಚು ಹೆಚ್ಚು ಅಂತ ಮೊದಲ ದೃಶ್ಯದಾಗ ಸತ್ತಾಳ ಅಂತ ಬರದಿದ್ದೆ. ಈಗ ಎಬ್ಬಿಸಬೇಕು. ಊರ ಹುಡುಗರಿಗೆ ಫೋನ್ ಮಾಡಿ ಇನ್ನೊಬ್ಬ ಕಲಾವಿದೆಗೆ ವಂತಿಗಿ ಎತ್ತರಿ ಅಂದೆ, ಬೈದ್ರು.

ಬೇವಿನ ಗಿಡ ಐತ್ರಿ, ಆದ್ರ ಅದರ ಬುಡಕ ದಿನಾ ಇಸ್ಪೀಟು ನಡದಿರತೈತಿ.

ಮೂರನೇ ದೃಶ್ಯ ಪಾರಿ ಅಕ್ಷರದಾಗ ಮುಗೀತು. ಒಂದೀಟು ಅಲ್ಲಲ್ಲಿ ಕೆಂಪು ಬೆರಳು ಮೂಡ್ಯಾವ. ಹಮಾಲರು ಕೂಗಾಕತ್ತಾರ, 214ನೇ ಲಾಟು ತೂಕಕ್ಕ ಬಂತು. ಹೋಗಿ ಬರ್ತೇನ್ರಿ.