ವರ್ಷಗಟ್ಟಲೆ ನಿಂತ ಹಳೆ ಕಾರಿನ ಇಂಜಿನ್: ಹೊಸ ಬ್ಯಾಟರಿ ಹಾಕಿದರೆ ಸಾಕಾ?

ಪ್ರಶ್ನೆ: ಮಾವನ ಹಳೆ ಕಾರು ಎಷ್ಟೋ ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ನಾಲ್ಕು ಸಿಲಿಂಡರ್, ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಇಂಜಿನ್. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಲಾ?

ಉತ್ತರ: ಬೇಡ ಮಾರಾಯ್ರೇ, ಕೀ ಮುಟ್ಟಲೇಬೇಡಿ! ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್‌ನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ತೆಳು ಎಣ್ಣೆ ಬಿಡಿ. ಒಂದೆರಡು ದಿನ ಸುಮ್ನೆ ನೆನೆಯಲಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿ (ಇಂಜಿನ್ ಕೆಳಗಡೆ ಬೆಲ್ಟ್ ತಿರುಗಿಸುವ ಚಕ್ರ) ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಗಕ್ಕನೆ ನಿಂತರೆ ಜೋರು ಮಾಡಬೇಡಿ, ಮತ್ತೆ ಎಣ್ಣೆ ಬಿಡಿ. ಎರಡು ಸುತ್ತು ಸಲೀಸಾಗಿ ಬಂದರೆ ಸಿಲಿಂಡರ್‌ಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವ್‌ಗಳೆಲ್ಲ ಒಂದು ಸಲ ತೆರೆದು ಮುಚ್ಚಿದ ಹಾಗೆ.

ಇನ್ನೊಬ್ಬರು: ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ. ವಾರ್ನಿಷ್ ವಾಸನೆ ಬಂದರೆ ಆ ಪೆಟ್ರೋಲ್ ಕೆಲಸಕ್ಕೆ ಬಾರದು. ಕಾರ್ಬುರೇಟರ್ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಂದು ಅಂಟು ಕೂತಿರುತ್ತದೆ. ಪೆಟ್ರೋಲ್ ಹೋಸ್ ಮಡಚಿದಾಗ ಬಿರುಕು ಕಂಡರೆ ಬದಲಾಯಿಸಿ, ಇಲ್ಲಾಂದ್ರೆ ಪೆಟ್ರೋಲ್ ಸೋರಿ ಬೆಂಕಿ ಹತ್ತಬಹುದು.

ಪ್ರಶ್ನೆ ಕೇಳಿದವರು: ಕೈಯಲ್ಲಿ ತಿರುಗಿತು ಸಾರ್! ಈಗ ಸ್ಟಾರ್ಟ್ ಮಾಡಲಾ?

ಉತ್ತರ: ಆತುರ ಯಾಕೆ? ಇಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್ ಹೊಸದು ಹಾಕಿ. ಪ್ಲಗ್ ಹಾಕಬೇಡಿ, ಕಿಡಿ ಹಾರದ ಹಾಗೆ ಇಗ್ನಿಷನ್ ಕಾಯಿಲ್ ವೈರ್ ಕಳಚಿಡಿ. ಡ್ಯಾಶ್‌ಬೋರ್ಡ್‌ನ ಆಯಿಲ್ ಲೈಟ್ ಆರುವ ತನಕ, ಅಂದ್ರೆ ಆಯಿಲ್ ಒತ್ತಡ ಬರುವ ತನಕ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ. ಮೊದಲಿಗೆ ಹೊಗೆ ಜಾಸ್ತಿನೇ ಬರುತ್ತದೆ, ಎಣ್ಣೆ ಬಿಟ್ಟಿದ್ದೀರಲ್ವಾ!